ಕಾಕುವಿನ ತಾಟು

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ದಿನಾ ಮುಂಜಾನೆ ಮೆಂತ್ಯ, ರಾಜಗಿರಿ, ಪುಂಡಿ ಎಂದು ಏನಾದರೊಂದು ತಪ್ಪಲಪಲ್ಯ ಸೋಸಿ ಸೋಸಿ ಆ ಬಣ್ಣ ಅಲ್ಲೇ ಕೂತುಬಿಟ್ಟಿತ್ತು.

ಅವಳು ನನ್ನ ಚಿಕ್ಕಪ್ಪನ ಹೆಂಡತಿ. ನಾಗಣಸೂರಿನ ಒಕ್ಕಲುತನದ ಮನೆಯಿಂದ ಸೊಲ್ಲಾಪುರದ ನಮ್ಮ ಅರಿವೆ ಅಂಗಡಿಯವರ ಮನೆಗೆ ಸಣ್ಣ ಸೊಸೆಯಾಗಿ ಬಂದವಳು. ಮಕ್ಕಳಾಗಲಿಲ್ಲ. ಚಿವಡಾ, ಭಜಿ, ಚಹಾದ ಮೇಲೆ ಬೆಳೆಯುತ್ತಿದ್ದ ನಮ್ಮವ್ವನ ಐದು ಮಕ್ಕಳ ಊಟವನ್ನು ತಾನಾಗಿ ವಹಿಸಿಕೊಂಡಳು.

ಗದರಿಸಿ ಉಣಿಸುವುದು ಅವಳಿಗೆ ಬರುತ್ತಿರಲಿಲ್ಲ. ರೇಷನ್ನಿನ ಕೆಂಪು ಜೋಳ ಬಂದ ವರ್ಷ ನಾವು ಭಕ್ಕರಿ ಮುಟ್ಟದಾದಾಗ, ಅಂಗೈಯಷ್ಟಗಲದ್ದನ್ನು ನಮ್ಮಿಂದಲೇ ತಟ್ಟಿಸಿದಳು. ತಾನು ತಟ್ಟಿದ್ದನ್ನು ಯಾವ ಮಗು ಬಿಡುತ್ತದೆ? ಹೊಸ ಪಲ್ಯವಾದರೆ ತಾಟಿನ ಅಂಚಿಗೆ ಒಂದಿಷ್ಟೇ. "ಮೂರು ತುತ್ತು ತಿನ್ನು. ಆಮ್ಯಾಲ ನನ್ನ ಜೋಡಿ ಜಗಳಾಡು." ಸಾಕೆಂದರೆ ಏಳಬಹುದಿತ್ತು. "ಹೊಟ್ಟಿ ನಿಂದು. ನನಗೇನ್ ಕೇಳ್ತಿ?"

ಜಗಳ ನನ್ನ ಕಸುಬು. ಹನ್ನೊಂದನೇ ವಯಸ್ಸಿಗೇ ಶಾಲೆಯ ವಾದಸ್ಪರ್ಧೆ ಗೆದ್ದು ಬಂದಿದ್ದೆ. ಅದೇ ವಾರ ಪುಂಡಿಪಲ್ಯ ಕಂಡು ತಾಟು ದೂಡಿದೆ.

"ಛಲೋ ಅದ ಅಂತೀಯಲ್ಲ ಕಾಕು, ನೀ ತಿಂದದ್ದು ಯಾರ್ ನೋಡ್ಯಾರ?"

"ನಾ ಎಲ್ಲಾರ್ಕಿಂತ ಕಡೀಕ ಉಣ್ತೀನಲ್ಲ."

"ಕಡೀಕ ಪಲ್ಯಾ ಉಳೀತದೇನು? ತಿಂದು ತೋರಸು. ಪುರಾವಾ ಇಲ್ದ ಮಾತು ನಾ ಒಪ್ಪಂಗಿಲ್ಲ."

ತಮ್ಮಂದಿರು ನಕ್ಕರು. ಕಾಕು ನಗಲಿಲ್ಲ.

ಮರುದಿನ ತನ್ನ ತಾಟು ತಂದು ನಮ್ಮ ಸಾಲಿನಲ್ಲೇ ಕೂತಳು. ಪುಂಡಿಪಲ್ಯ, ಮೇಲೆ ಹಸಿ ಶೇಂಗಾಎಣ್ಣೆ. ಕಣ್ಣು ಮುಚ್ಚಿ ತಿಂದಳು, ಬಹಳ ಹಸಿದವರು ತಿನ್ನುವ ಹಾಗೆ. ನಾನೂ ತಿಂದೆ. ಎಂಟು ದಿನ ಹೀಗೇ ನಡೆಯಿತು. ಹೀರೆ, ಬದನೆ, ಮಡಕಿಕಾಳು ಎಲ್ಲಕ್ಕೂ ನಾನು ಸೋತೆ.

ಒಂಬತ್ತನೇ ದಿನ ಅಜ್ಜಿ ಅಡುಗೆಮನೆ ಬಾಗಿಲಿಗೆ ಬಂದಳು.

"ಅಂಗಡ್ಯಾಗಿನ ಗಂಡಸರು ಇನ್ನಾ ಉಂಡಿಲ್ಲ. ನೀ ಯಾವ ಸಾವಕಾರ್ತಿ, ತಾಟ ಹಚ್ಕೊಂಡು ಕುಂತಿ?"

"ಹುಡುಗ್ರು ನೋಡಿ ಉಣ್ತಾವ್ರಿ ಅತ್ತಿ..."

"ಆ ಮಾತು ಹಡದವರು ಹೇಳ್ಲಿ."

ಕಾಕು ಅರ್ಧ ಭಕ್ಕರಿ ಬಿಟ್ಟು ಎದ್ದಳು. ಏಳುವಾಗ ನನ್ನ ಕಡೆ ನೋಡಿದಳು. ವಾದ ಹೂಡಿದವಳು ನಾನು, ತಿಂದು ತೋರಿಸೆಂದು ಕೂಡಿಸಿದ್ದು ನಾನೇ ಎಂಬ ಉತ್ತರವೂ ನನ್ನ ಹತ್ತಿರ ಇತ್ತು. ಅಜ್ಜಿಗೆ ಹೆದರಿ ತಲೆ ತಗ್ಗಿಸಿ ಉಂಡೆ. ಅವಳು ಮತ್ತೆ ನಮ್ಮ ಸಾಲಿಗೆ ಬರಲಿಲ್ಲ. ನಮಗೆ ಹತ್ತಿದ ಊಟದ ರೂಢಿ ಮಾತ್ರ ಉಳಿಯಿತು.

ಆರು ವರ್ಷದ ಮೇಲೆ ಅವಳು ಹಾಸಿಗೆ ಹಿಡಿದಳು. ತಿಂಗಳು ಕಳೆದು ದವಾಖಾನೆಗೆ ಒಯ್ದಾಗ ಡಾಕ್ಟರು ಆ ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. ಹಸಿರೆಲ್ಲ ಹೋಗಿ ಕಾಗದದಂತೆ ಬೆಳ್ಳಗಾಗಿತ್ತು. ಮೈಯಲ್ಲಿ ರಕ್ತವೇ ಇಲ್ಲ ಎಂದರು.

"ಮನ್ಯಾಗ ಇವರು ಏನ್ ಉಣ್ತಾರ್ರಿ?"

ಚಿಕ್ಕಪ್ಪ ಅಜ್ಜಿಯನ್ನು ನೋಡಿದ. ಅಜ್ಜಿ ಅವ್ವನನ್ನು ನೋಡಿದಳು. ಯಾರಿಗೂ ಗೊತ್ತಿರಲಿಲ್ಲ. ಕಾಕು ಉಂಡದ್ದನ್ನು ಕಂಡವರು ನಾವೈದು ಮಕ್ಕಳು, ಅದೂ ಎಂಟು ದಿನ. ದವಾಖಾನೆಗೆ ಒಯ್ದ ನಾಲ್ಕನೇ ದಿನಕ್ಕೆ ಅವಳು ಹೋಗಿಬಿಟ್ಟಳು.

ಹದಿಮೂರನೇ ದಿನ ಅಜ್ಜಿ ತಾಟಿನ ತುಂಬ ಬಡಿಸಿ, ಅವಳ ಹೆಸರಿನಲ್ಲಿ ಎಡೆ ಇಟ್ಟಳು. "ಆಕೀದು ಆಗೂತನಕ ಯಾರೂ ಉಣಬ್ಯಾಡ್ರಿ" ಎಂದಳು. ಗಂಡಸರೂ ಕಾದರು.

ಸತ್ತವರು ಉಣ್ಣುತ್ತಾರೆಂಬುದಕ್ಕೆ ಪುರಾವೆಯಿಲ್ಲ ಎಂದು ಎಷ್ಟೋ ಕಡೆ ವಾದಿಸಿ ಗೆದ್ದವಳು ನಾನು. ಅವತ್ತು ಅಡುಗೆಮನೆಯಿಂದ ನನ್ನ ತಾಟು ತಂದು, ಎಡೆಯ ಪಕ್ಕದಲ್ಲಿ ಅವಳ ಜೋಡಿ ಕೂತೆ.