‘ಏಕೆ’ ಎಂದರೆ ಬೆದರದಿರಲು ಕಲಿಸುವ ರಾಯ್ನಾ

ಬೆಳಗಿನ ಐದೂವರೆ. ದಾನ್ಯೂಬ್ ನದಿಯ ಮಂಜು ವಿದಿನ್ ಪಟ್ಟಣದ ಬೀದಿಗಳನ್ನು ಇನ್ನೂ ಬಿಟ್ಟಿಲ್ಲ. ಊರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಅರವತ್ತೆಂಟರ ರಾಯ್ನಾ ಒಲೆಗೆ ಸೌದೆಯಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಹಲಗೆಯ ಮೇಲೆ ಒಂದು ಇಂಗ್ಲಿಷ್ ಪದ ಬರೆಯುತ್ತಾರೆ: ಬಿಕಾಸ್. ಎದುರಿಗೆ ಕೋಟು ಕಳಚದೆ ಕುಳಿತ ಏಳು ಹೆಂಗಸರು. ಇಂಗ್ಲೆಂಡಿನ ವೃದ್ಧಾಶ್ರಮಗಳಲ್ಲಿ ಕೆಲಸ ಸಿಕ್ಕೀತೆಂದು ಕಾದವರು.

“ಮುದುಕ ಊಟ ಮಾಡ್ಲಿಲ್ಲ. ನರ್ಸು ಯಾಕೆ ಅಂತಾಳೆ. ಏನಂತೀಯೆ, ಪೆಂಕಾ?” ರಾಯ್ನಾ ಒಬ್ಬಳನ್ನು ಕೇಳುತ್ತಾರೆ.

“ನಾನೇನೂ ಮಾಡ್ಲಿಲ್ಲ ಅಂತೀನಿ ಚಿಕ್ಕಮ್ಮ!”

ಎಲ್ಲರೂ ನಗುತ್ತಾರೆ. ರಾಯ್ನಾ ನಗುವುದಿಲ್ಲ. “ನಿನ್ನನ್ನ ಯಾರು ಬೈದ್ರು? ಅವನಿಗೆ ಹಲ್ಲುನೋವು, ಅದಕ್ಕೆ ತಿನ್ಲಿಲ್ಲ ಅನ್ನು. ನೀನು ಬಾಯಿ ಮುಚ್ಚಿದ್ರೆ ಆ ಜೀವ ನಾಳೇನೂ ಉಪವಾಸ.”

ಈ ಊರಿನಲ್ಲಿ ‘ಏಕೆ’ ಎಂದು ಕೇಳಿದರೆ ಬಾಯಿ ಹೊಲಿದುಕೊಳ್ಳುವುದು ಹಿರಿಯರಿಂದ ಬಂದ ಬುದ್ಧಿ. ರಾಯ್ನಾಗೆ ಹನ್ನೆರಡು ವರ್ಷವಾಗಿದ್ದಾಗ, ಪಕ್ಷದ ಸಭೆಗೆ ಏಕೆ ಬರಲಿಲ್ಲವೆಂದು ಅವರ ತಂದೆಯನ್ನು ಆಗಿನ ಕಮ್ಯುನಿಸ್ಟ್ ಸರ್ಕಾರದವರು ಕೇಳಿದರು. “ಏಕೆಂದರೆ ಅಂದು ಈಸ್ಟರ್, ಚರ್ಚಿನಲ್ಲಿದ್ದೆ” ಎಂದರು ತಂದೆ. ಸೆರೆಯಿಂದ ಮನೆಗೆ ಮರಳಿದ್ದು ಎರಡು ವರ್ಷದ ಮೇಲೆ. ಆಮೇಲೆ ಸಾಯುವವರೆಗೂ ಯಾವುದಕ್ಕೂ ಕಾರಣ ಹೇಳಲಿಲ್ಲ.

ಶಾಲೆಯಿಂದ ನಿವೃತ್ತರಾದ ಮೇಲಿನ ಒಂಬತ್ತು ವರ್ಷಗಳಲ್ಲಿ ರಾಯ್ನಾ ಇನ್ನೂರ ಹದಿನಾಲ್ಕು ಹೆಂಗಸರಿಗೆ ಕಾರಣ ಹೇಳುವುದನ್ನು ಕಲಿಸಿದ್ದಾರೆ. ಶುಲ್ಕವೆಂದರೆ ಆಳಿಗೊಂದು ಸೌದೆ. “ಪಾಠ ಮಾಡುವಾಗೆಲ್ಲ ದಿಗಿಲು,” ಎನ್ನುತ್ತಾರೆ. “ಇವರನ್ನ ಯಾವ ಹುಲಿ ಬಾಯಿಗೆ ಕಳಿಸ್ತಿದೀನೋ ಅಂತ.”

ಇಂದು ಆ ದಿಗಿಲು ಹೆಚ್ಚು. ಹನ್ನೊಂದಕ್ಕೆ ಈ ಏಳು ಮಂದಿಯಲ್ಲೊಬ್ಬಳಾದ ಯೊರ್ದಾಂಕಾಳ ಸಂದರ್ಶನ, ಫೋನಿನಲ್ಲಿ. ಕೆಲಸವಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿರುವವಳು. ಹಿಂದಿನ ಸಂದರ್ಶನದಲ್ಲಿ, ಆಸ್ಪತ್ರೆಯ ಕೆಲಸವನ್ನು ಏಕೆ ಬಿಟ್ಟಿರೆಂದು ಕೇಳಿದಾಗ ಮೂಕಳಾಗಿ ಕುಳಿತು ಅವಕಾಶ ಕಳೆದುಕೊಂಡಿದ್ದಳು.

“ಆಸ್ಪತ್ರೇನೇ ಮುಚ್ತು ಅಂತ ಸುಳ್ಳು ಹೇಳ್ಲಾ ಚಿಕ್ಕಮ್ಮ? ಹೇಳದೆ ಕೇಳದೆ ಬಿಟ್ಟೋಳು ಅಂತ ಗೊತ್ತಾದ್ರೆ ಮುಗೀತು.”

“ಸುಳ್ಳಿಗೆ ಇನ್ನೊಂದು ಏಕೆ ಬಂದ್ರೆ ಎಲ್ಲಿಂದ ತರ್ತೀಯ? ಇದ್ದದ್ದು ಹೇಳು.” ಹೇಳಿಬಿಟ್ಟು ರಾಯ್ನಾ ಮುಖ ತಿರುಗಿಸುತ್ತಾರೆ. ಇದ್ದದ್ದು ಹೇಳಿದವರ ಗತಿ ಅವರಿಗೆ ಗೊತ್ತಿದೆ.

ಹನ್ನೊಂದಕ್ಕೆ ಅದೇ ಪ್ರಶ್ನೆ ಬರುತ್ತದೆ. ಯೊರ್ದಾಂಕಾ ರಾಯ್ನಾರತ್ತ ನೋಡುತ್ತಾಳೆ. ಒಲೆಯ ಬಳಿ ರಾಯ್ನಾ ತುಟಿಯಲ್ಲೇ ದೇವರನ್ನು ಕರೆಯುತ್ತಾರೆ. ಕೊನೆಗೆ ಒಡಕು ಇಂಗ್ಲಿಷಿನಲ್ಲಿ ದನಿ ಹೊರಡುತ್ತದೆ: ಏಕೆಂದರೆ ತಾಯಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ. ಆದ್ದರಿಂದ ಎರಡು ಗಂಟೆಗೊಮ್ಮೆ ನಾನೇ ಹೊರಳಿಸುತ್ತಿದ್ದೆ. ಎಂಟು ತಿಂಗಳು, ಅವಳು ಹೋಗುವವರೆಗೆ.

ಆ ಕಡೆಯಿಂದ ಸಂದರ್ಶಕಿ ಕೇಳುತ್ತಾಳೆ: ನೀವು ಯಾವಾಗ ಬರಬಲ್ಲಿರಿ?

ಫೋನಿಟ್ಟ ಯೊರ್ದಾಂಕಾ ಓಡಿಬಂದು ರಾಯ್ನಾರ ಕೈ ಹಿಡಿಯುತ್ತಾಳೆ. “ಅಯ್ಯೋ, ಯಾಕೆ ಚಿಕ್ಕಮ್ಮ, ಕೈ ಹಿಂಗೆ ತಣ್ಣಗಾಗಿದೆ?”

ರಾಯ್ನಾ ಏನೋ ನೆಪ ಹೇಳಲು ಹೋಗಿ ತಡೆದುಕೊಳ್ಳುತ್ತಾರೆ.

“ಹೆದರಿದ್ದೆ ಕಣೇ,” ಎನ್ನುತ್ತಾರೆ. “ಅದಕ್ಕೆ.”