ಕಣ್ಣು ಮುಚ್ಚಿ ನಾಡಿ ನೋಡುವ ಡಾಕ್ಟರಮ್ಮ

ನಮ್ಮ ಬೀದಿಯ ಆಯುರ್ವೇದದ ಡಾಕ್ಟರಮ್ಮ ನಾಡಿ ಹಿಡಿದರೆ ಸಾಕು, ಕಣ್ಣು ಮುಚ್ಚುತ್ತಾರೆ. ಹೊಸಬರು ಪಾಪ, ಅವರಿಗೆ ನಿದ್ದೆ ಬಂತೆಂದೇ ತಿಳಿಯುತ್ತಾರೆ. ಮುಟ್ಟು ನಿಂತವರು, ಅಂಡಾಶಯದಲ್ಲಿ ನೀರಿನ ಗುಳ್ಳೆಗಳಿವೆ ಎನ್ನಿಸಿಕೊಂಡವರು, ಉಂಡದ್ದಕ್ಕಿಂತ ಹೆಚ್ಚು ದಪ್ಪಗಾದವರು, ಎಲ್ಲರೂ ಗೋಡೆಯ ಬದಿಯ ಬೆಂಚಿನಲ್ಲಿ ಕೂತು, ಒಳಗೆ ಕುದಿಯುವ ಕಷಾಯದ ಘಮಕ್ಕೆ ಮೆಲ್ಲಗೆ ತೂಕಡಿಸುತ್ತಾರೆ. ಡಾಕ್ಟರಮ್ಮನ ಮೊದಲ ಪ್ರಶ್ನೆ ಮುಟ್ಟಿನದಲ್ಲ, "ನಿದ್ದೆ ಬರುತ್ತಾ ಮಗಳೇ?" ಎಂಬುದು. ಜೊತೆಗೆ ಬಂದ ತಾಯಿ ನಡುವೆ ಬಾಯಿ ಹಾಕಿದರೆ, "ನಾಡಿ ಅವಳದು, ಉತ್ತರ ನಿಮ್ಮದಾ?" ಎಂದು ಕಣ್ಣು ತೆರೆಯದೆಯೇ ಗದರುತ್ತಾರೆ. ಕಷಾಯ, ಪಥ್ಯ, ಸಂಜೆಯ ನಡಿಗೆ ಹೇಳಿ, "ಸ್ಕ್ಯಾನೂ ಮಾಡಿಸ್ಕೊಳ್ಳಿ, ನನ್ನ ಬೆರಳಿಗೆ ಎಲ್ಲಾ ಕಾಣಲ್ಲ" ಎನ್ನುತ್ತಾರೆ. ಬೇಗ ಗುಣವಾಗಬೇಕೆಂದು ಹಟ ಹಿಡಿದವರಿಗೆ, "ಗಿಡಕ್ಕೆ ಗದರಿದ್ರೆ ಮೊಗ್ಗು ಬಿಡುತ್ತಾ?" ಎಂಬ ಉತ್ತರ. ಮೊನ್ನೆ ನಾನು ಸರದಿಗೆ ಕಾಯುತ್ತಿದ್ದಾಗ ಒಬ್ಬ ಹುಡುಗಿ ಅವರೆದುರು ಕೂತು, ಗಲ್ಲದ ಮೇಲಿನ ಕೂದಲನ್ನು ಅಂಗೈಯಲ್ಲಿ ಮರೆಮಾಡಿ, "ಆಫೀಸಲ್ಲಿ ನಗ್ತಾರೆ. ನಾನು ಪೂರ್ತಿ ಹೆಣ್ಣಲ್ವಾ ಡಾಕ್ಟ್ರೇ?" ಎಂದು ಬಿಕ್ಕಿದಳು. ಡಾಕ್ಟರಮ್ಮ ಕಣ್ಣು ತೆರೆದರು. ಅವಳ ಬೆರಳುಗಳನ್ನು ಹಿಡಿದು ತಮ್ಮದೇ ಗಲ್ಲದ ಮೇಲೆ ಮೆಲ್ಲಗೆ ಎಳೆದರು. ಕತ್ತರಿಸಿದ ಕೂದಲ ಮೊಳಕೆ ಚುಚ್ಚಿರಬೇಕು, ಅಳು ಅರ್ಧಕ್ಕೆ ನಿಂತಿತು. "ನಂಗೆ ನಿನ್ನ ವಯಸ್ಸಿಂದ್ಲೂ ಇದೆ ಕಣೇ. ನಾನು ಹೆಣ್ಣಲ್ಲ ಅಂತ ಯಾರಾದ್ರೂ ಅನ್ನಲಿ, ನೋಡೋಣ." ಹುಡುಗಿ ಮೂಗು ಒರೆಸಿಕೊಂಡು, ಸಣ್ಣ ದನಿಯಲ್ಲಿ, "ನೀವು ಯಾವುದ್ರಲ್ಲಿ ತೆಗೀತೀರಿ?" ಎಂದು ಕೇಳಿದಳು. ಉತ್ತರ ಕೇಳಿಸಿಕೊಳ್ಳಲು, ಬೆಂಚಿನಲ್ಲಿದ್ದ ನಾವೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದೆವು.