ಬಾವನ ಆಲ್ಬಮ್ಮಿನ ಮೂರನೆಯ ಹಾಡು

ಶಿರಾದಲ್ಲಿ ಮೊಬೈಲ್ ರಿಪೇರಿ ಮಾಡುವ ನಮ್ಮ ಬಾವ, ಅಂದರೆ ಅಕ್ಕನ ಗಂಡ, ಹೋದ ವರ್ಷ ಕಂಪ್ಯೂಟರಿನಲ್ಲೇ ಒಂದು ಸಂಗೀತದ ಆಲ್ಬಮ್ ಮಾಡಿದರು. ಅದಕ್ಕೆ ಸೈಕೆಡೆಲಿಕ್ ಎಲೆಕ್ಟ್ರಾನಿಕ್ ಎನ್ನುತ್ತಾರಂತೆ, ಕಣ್ಣು ಮುಚ್ಚಿದರೆ ಬಣ್ಣ ಕಾಣಬೇಕಂತೆ. ಅವರು ಫೋನಿಗೆ ಕಳಿಸಿದ್ದನ್ನು ನಾನು ಎರಡು ಸಲ ಕಣ್ಣು ಮುಚ್ಚಿ ಕೇಳಿದೆ, ಎರಡು ಸಲವೂ ನಿದ್ದೆ ಬಂತು. ಎಚ್ಚರವಿದ್ದಷ್ಟು ಹೊತ್ತು ಮಿಕ್ಸಿಯಲ್ಲಿ ಒಣಕೊಬ್ಬರಿ ಸಿಕ್ಕಿಕೊಂಡ ಸದ್ದು. ಮೂರನೆಯ ಹಾಡು ಮಾತ್ರ ಯಾಕೋ ಎದೆಗೆ ತಾಗಿತ್ತು.

ಮನೆಯಲ್ಲಿ ಪುಸ್ತಕ ಓದುವವನು ನಾನೊಬ್ಬನೇ ಎಂಬ ಅಪರಾಧಕ್ಕೆ ಅಭಿಪ್ರಾಯ ಹೇಳುವ ಕೆಲಸ ನನ್ನ ತಲೆಗೆ ಬಂತು. ಬಿಡುಗಡೆಗೆ ಮೊದಲು ನನ್ನ ಮಾತು ಕೇಳಲೆಂದೇ ಬಾವ ಒಂದು ಭಾನುವಾರ ಬಡವನಹಳ್ಳಿ ಹತ್ತಿರದ ನಮ್ಮೂರಿಗೆ ಸ್ಪೀಕರ್ ಹೊತ್ತು ಬಂದರು. ಸುಳ್ಳು ಹೇಳಬೇಡ, ನಿಜವನ್ನಂತೂ ಹೇಳಲೇಬೇಡ ಎಂದು ಅಕ್ಕ ಫೋನಿನಲ್ಲಿ ತಾಕೀತು ಮಾಡಿದ್ದಳು. ಅಳಿಯ ಮುನಿಸಿಕೊಂಡು ಊಟ ಬಿಟ್ಟೆದ್ದರೆ ನನ್ನದು ನಾಯಿಪಾಡು.

ಅಂಗಳದಲ್ಲಿ ಸ್ಪೀಕರ್ ಶುರುವಾಯಿತು. ಎದುರಿನ ರೊಪ್ಪದಿಂದ ದೊಡ್ಡಪ್ಪ ಆಗಷ್ಟೇ ಕುರಿಗಳನ್ನು ಹೊರಗೆ ಬಿಟ್ಟಿದ್ದರು. ಎರಡು ಹಾಡು ಮುಗಿಯುವವರೆಗೂ ಅವು ಬೇಲಿ ಮೇಯುತ್ತಾ ನಿಂತಿದ್ದವು. ಮೂರನೆಯದು ಶುರುವಾಗಿದ್ದೇ ತಡ, ಅಷ್ಟೂ ಕುರಿ ತಿರುಗಿ ನಮ್ಮ ಅಂಗಳಕ್ಕೆ ನುಗ್ಗಿದವು. ಒಂದು ಟಗರು ಸ್ಪೀಕರನ್ನೇ ನೆಕ್ಕಿತು.

ಬಾವ ತಪ್ಪೊಪ್ಪಿಕೊಂಡರು. ದೊಡ್ಡಪ್ಪ ಕುರಿಗಳನ್ನು ನೀರಿಗೆ ಕರೆಯುವ ಕೂಗನ್ನು ಹಿಂದಿನ ಸಲ ಬಂದಾಗ ಮೊಬೈಲಿನಲ್ಲಿ ಹಿಡಿದು, ಎಳೆದು, ಪ್ರತಿಧ್ವನಿ ಸೇರಿಸಿದ್ದರಂತೆ. ಎದೆಗೆ ತಾಗಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಚಿಕ್ಕಂದಿನಿಂದ ಕೇಳಿದ ಕೂಗು ಅದು.

ದೊಡ್ಡಪ್ಪ ರೇಗಲಿಲ್ಲ. "ಕರ್ದ ಮ್ಯಾಲೆ ನೀರು ಕುಡಿಸ್ಬೇಕು ಅಳಿಮಯ್ಯ. ಸುಮ್ನೆ ಕಳಿಸಿದ್ರೆ ನಾಳೆ ನಾನು ಕೂಗಿದ್ರೂ ನಂಬಾಕಿಲ್ಲ" ಎಂದರು. ಕುರಿ ಕಾಯುವವರ ಕಟ್ಟಳೆ ಅದು, ಅಳಿಯನಿಗೂ ರಿಯಾಯಿತಿ ಇಲ್ಲ. ಬಾವ ಇಸ್ತ್ರಿ ಪ್ಯಾಂಟು ಮಡಿಚಿಕೊಂಡು ಬೀದಿಯ ಸಿಸ್ಟನ್ ಟ್ಯಾಂಕಿನಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಕುರಿ ಕುಡಿಯುವ ಕಲ್ಲುಬಾನಿ ತುಂಬಿಸಿದರು. ನಾನೂ ಹೊತ್ತೆ. ಬಕೆಟ್ಟಿಗಿಂತ ನಗು ತಡೆಯುವುದೇ ಭಾರವಾಗಿತ್ತು.

ಆಮೇಲೆ ಒದ್ದೆ ಪ್ಯಾಂಟಿನಲ್ಲೇ ಕುಳಿತು ಬಾವ ನನ್ನ ಅಭಿಪ್ರಾಯ ಕೇಳಿದರು. ನಾನು ತಡವರಿಸುವಷ್ಟರಲ್ಲಿ ದೊಡ್ಡಪ್ಪನೇ ಬಾಯಿ ಹಾಕಿದರು.

"ಮೂರ್ನೇದ ತಗುದ್ಬುಡಿ. ಅದು ಊರೂರಿಗೂ ಹೋದ್ರೆ ಎಲ್ಲೆಲ್ಲಿ ಕುರಿ ನೀರು ಹುಡುಕ್ಕಂಡು ಓಡ್ತವೋ. ಮಿಕ್ಕಿದ್ದು ಎಷ್ಟು ಬೇಕಾದ್ರೂ ಹಾಕ್ಕಳಿ, ಅವುಕ್ಕೆ ಒಂದು ಕುರೀನೂ ತಲೆ ಎತ್ತಾಕಿಲ್ಲ."

ಮಿಕ್ಕ ಹಾಡುಗಳ ಬಗ್ಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಬಾವ ಊಟ ಬಿಡಲಿಲ್ಲ, ಎರಡನೆಯ ಮುದ್ದೆ ಮಾತ್ರ ಬೇಡವೆಂದರು.

ದೊಡ್ಡಪ್ಪನ ಮಾತಿಗೆ ಕಟ್ಟುಬಿದ್ದು, ಇದ್ದ ಒಂದೇ ಒಳ್ಳೆಯ ಹಾಡನ್ನು ತೆಗೆದೇ ಅವರು ಆಲ್ಬಮ್ ಬಿಡುಗಡೆ ಮಾಡಿದರು. ನನಗೆ ಪಾಪ ಅನ್ನಿಸಿತು. ಆ ಹಾಡು ನನ್ನ ಫೋನಿನಲ್ಲಿ ಇನ್ನೂ ಇದೆ. ಇಯರ್‌ಫೋನ್ ಹಾಕಿಕೊಂಡೇ ಕೇಳುತ್ತೇನೆ. ಕೇಳಿದಾಗಲೆಲ್ಲ ಎದ್ದು ಹೋಗಿ ಒಂದು ಲೋಟ ನೀರು ಕುಡಿಯುತ್ತೇನೆ.